ಹತ್ತಿಕಾಳಿನ ಹಾಲು

ದುರುಗವ್ವನಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಎರಡು ಎಮ್ಮೆ ಇದ್ದವು, ಒಂದು ನಾಲಿಗೆ ಇತ್ತು. ಎಮ್ಮೆಗಳೇನೋ ಸಾಧು. ನಾಲಿಗೆಯದೇ ತಂಟೆ. ಹರಿಹರದಲ್ಲಿ ನಸುಕಿಗೇ ಹಾಲು ಕರೆದು, ಕ್ಯಾನು ಹೊತ್ತು ರೈಲು ಹತ್ತಿ, ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಒಂದು ಬೀದಿಗೆ ಹಾಲು ಹಾಕುತ್ತಿದ್ದಳು. ಸುಮ್ಮನೆ ಹಾಕಿ ಬಂದರೆ ಅವಳು ದುರುಗವ್ವ ಹೇಗಾದಾಳು? "ನನ್ನ ಎಮ್ಮಿ ಹತ್ತಿಕಾಳು ತಿಂತಾವ್ರೀ, ಹತ್ತಿಕಾಳು! ಬೆರಳು ಅದ್ದಿ ನೋಡ್ರಿ, ಕೆನಿ ಹೆಂಗೆ ಅಂಟತೈತೆ!" ಎಂದು ಬೀದಿಗೆಲ್ಲ ಕೇಳುವಂತೆ ಸಾರುತ್ತಿದ್ದಳು.

ದಿನದ ಮಾತೆಲ್ಲ ಅವಳಿಗೆ ಆ ಬೀದಿಯಲ್ಲೇ ಮುಗಿಯಬೇಕು. ಹರಿಹರದ ಮನೆಯಲ್ಲಿ ಹೂಂ ಅನ್ನಲೂ ಒಂದು ನರಪಿಳ್ಳೆ ಇರಲಿಲ್ಲ. ಬೀದಿಯ ಕೊನೆಯ ಮನೆ ದಲ್ಲಾಳಿ ಅಂಗಡಿಯ ಪಂಚಾಕ್ಷರಪ್ಪನವರದು. ಅವರ ಸೊಸೆ ಉಮಾಮಹೇಶ್ವರಿಗೆ ಎದೆಹಾಲು ಸಾಲದೆ ಹೋದಾಗ ಕೂಸು ಅಂಕಿತಾಳಿಗೆ ಹಿಡಿಸಿದ್ದು ದುರುಗವ್ವನ ಹಾಲೇ. ಈಗ ನಾಲ್ಕು ವರ್ಷದ ಆ ಹುಡುಗಿ ಗೇಟಿಗೆ ಜೋತುಬಿದ್ದು "ಹಾಲಜ್ಜೀ" ಎಂದು ಕೂಗಿದರೇನೇ ಮುದುಕಿಗೆ ಬೆಳಗಾಗುತ್ತಿತ್ತು.

ತೊಂಬತ್ತೆಂಟರ ಚಳಿಗಾಲದಲ್ಲಿ ಪೇಪರಿನ ತುಂಬ ಹೊಸ ಹತ್ತಿಯ ಸುದ್ದಿ. ತಿಂದ ಹುಳವೇ ಸಾಯುವಂಥ ಹತ್ತಿಯನ್ನು ಎಲ್ಲೋ ಪರೀಕ್ಷೆಗೆ ಬೆಳೆದಿದ್ದಾರಂತೆ, ರೈತರು ಅದನ್ನು ಕಿತ್ತು ಸುಟ್ಟರಂತೆ. ಆ ಬೀದಿಗೆ ಬರುವಷ್ಟರಲ್ಲಿ ಸುದ್ದಿಗೆ ಕೈಕಾಲು ಮೂಡಿದ್ದವು: ಹುಳ ಸಾಯುತ್ತದೆಂದರೆ ಹತ್ತಿಕಾಳಲ್ಲಿ ವಿಷ, ಕಾಳು ತಿಂದ ಎಮ್ಮೆಯ ಹಾಲಲ್ಲೂ ವಿಷ. ಹತ್ತಿಕಾಳು ತಿನ್ನುವ ಎಮ್ಮೆ ಯಾರದು? ಯಾರೂ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಹುಚ್ಚು ಮುದುಕಿ, ತಾನೇ ಡಂಗುರ ಹೊಡೆದಿದ್ದಳಲ್ಲ!

ಒಂದೊಂದೇ ಬಾಗಿಲು ಮುಚ್ಚಿಕೊಂಡವು. ಕೊನೆಗೆ ಉಮಾಮಹೇಶ್ವರಿಯೂ ಪಾತ್ರೆ ತರಲಿಲ್ಲ.

"ಬ್ಯಾಸರ ಮಾಡ್ಕಬ್ಯಾಡ ದುರುಗವ್ವ. ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕ್ತಾವಾ?"

"ಅಯ್ಯೋ ಅಮ್ಮಾರೆ, ನಾನು ಮೊದ್ಲಿಂದ ಅದೇ ಅಂಗಡಿ ಕಾಳೇ ತರಾದು!"

"ಅಂಗಡಿಗೆ ಎಲ್ಲಿಂದ ಬರ್ತೈತೆ, ಗೊತ್ತೈತಾ ನಿನಗೆ?"

ದುರುಗವ್ವನಿಗೆ ಗೊತ್ತಿರಲಿಲ್ಲ. ಅಂಗಡಿಯವನಿಗಾದರೂ ಏನು ಗೊತ್ತು?

ಅದೇ ಬೀದಿಯಲ್ಲಿ ಗುರುಮೂರ್ತಿ ಎಂಬ ಕೃಷಿ ಅಧಿಕಾರಿಯಿದ್ದರು. "ಸಾಹೇಬ್ರೆ, ನೀವೊಂದು ಮಾತು ಹೇಳ್ರಿ, ನಿಮ್ಮ ಮಾತಾದ್ರೆ ನಂಬ್ತಾರೆ" ಎಂದು ಗೋಗರೆದಳು. ಭಾನುವಾರ ಬೆಳಿಗ್ಗೆ ಅವರು ಪಂಚಾಕ್ಷರಪ್ಪನವರ ಮನೆಯ ಮುಂದೆ ನಾಲ್ಕು ಜನರನ್ನು ಸೇರಿಸಿದರು. ಒಳ್ಳೆಯ ಮನುಷ್ಯ, ಸುಳ್ಳು ಆಡದವರು, ಅದೇ ಕುತ್ತಾಯಿತು. ಒಂದೊಂದು ಮಾತನ್ನೂ ತೂಗಿ ಆಡಿದರು: "ಆ ಹತ್ತಿ ಇನ್ನೂ ಮಾರಾಟಕ್ಕೇ ಬಂದಿಲ್ಲ. ಈ ಹಾಲಿನಿಂದ ಅಪಾಯ ಇದೆ ಅನ್ನೋದಕ್ಕೆ ಪುರಾವೆ ಇಲ್ಲ."

ಜನ ಮುಖ ಮುಖ ನೋಡಿಕೊಂಡರು. "ಕೇಳಿದ್ರಾ? ಅಪಾಯ ಐತಂತೆ. ಪುರಾವೆ ಇಲ್ಲಂತೆ, ಅಷ್ಟೆ" ಎಂದರು ಪಂಚಾಕ್ಷರಪ್ಪ. ಕೋರ್ಟು ಕಚೇರಿ ಕಂಡವರು. ಪುರಾವೆ ಇಲ್ಲವೆಂದು ಬಿಡುಗಡೆಯಾದ ಕಳ್ಳರನ್ನು ಎಷ್ಟು ಮಂದಿ ನೋಡಿದ್ದರೋ! ಗುರುಮೂರ್ತಿ "ಹಂಗಲ್ರೀ, ಹಂಗಲ್ಲ" ಎನ್ನುವಷ್ಟರಲ್ಲಿ ಜನ ಚದುರಿದ್ದರು.

ತುಂಬಿದ ಕ್ಯಾನು ಹೊತ್ತು ದುರುಗವ್ವ ಊರಿಗೆ ಮರಳಿದಳು. ಸಂಜೆ ಲೋಟಕ್ಕೆ ಹಾಲು ಬಗ್ಗಿಸಿಕೊಂಡು, "ಎಂಥಾ ಮಂದಿಯವ್ವಾ! ನೋಡ್ರಿ, ನಾನೇ ಕುಡಿತೀನಿ" ಎಂದು ಗೋಡೆಗೆ ಹೇಳಿದಳು. ತುಟಿಯವರೆಗೆ ಬಂದ ಲೋಟ ಅಲ್ಲೇ ನಿಂತಿತು. ಸಾಹೇಬರೇ ಅಪಾಯ ಅಂದರಲ್ಲ, ನಿಜವಿದ್ದರೆ? ತನ್ನದೇನು, ಹೋಗುವ ಜೀವ. ನಾಲ್ಕು ವರ್ಷ ಆ ಕೂಸಿನ ಹೊಟ್ಟೆಗೆ ಹೋದದ್ದು? ಮೊನ್ನೆ ಮೊನ್ನೆ ಅದು ಕೆಮ್ಮುತ್ತಿದ್ದುದು ನೆನಪಾಯಿತು. ಹೌದಾ ಅಲ್ಲವಾ ಎಂದು ಕೇಳಲು ಮನೆಯಲ್ಲಿ ಯಾರಿದ್ದಾರೆ? ಒಂಟಿಯಾಗಿರುವುದು ಅವಳಿಗೆ ರೂಢಿಯಾಗಿತ್ತು. ಒಂಟಿಯಾಗಿ ಹೆದರುವುದು ರೂಢಿಯಿರಲಿಲ್ಲ. ಹಾಲನ್ನು ಹಿತ್ತಲಿಗೆ ಚೆಲ್ಲಿದಳು.

ಕೊಳ್ಳುವವರಿಲ್ಲವೆಂದು ಗೊತ್ತಿದ್ದೂ ಮರುದಿನ ಕ್ಯಾನು ಹೊತ್ತು ರೈಲು ಹತ್ತಿದಳು. ಕೂಸಿನ ಮುಖ ನೋಡದೆ ಇರಲಾಗಲಿಲ್ಲ. ನೋಡಿದರೆ, ಉಮಾಮಹೇಶ್ವರಿ ಪಾತ್ರೆ ಹಿಡಿದೇ ಗೇಟಿನಲ್ಲಿ ನಿಂತಿದ್ದಳು, ಪಕ್ಕದಲ್ಲಿ ಅಂಕಿತಾ.

"ಹಾಕು ದುರುಗವ್ವ. ಸಾಹೇಬ್ರು ಮತ್ತೆ ಮನಿಗೆ ಬಂದು ಬಿಡಿಸಿ ಹೇಳಿದ್ರು. ಅಪಾಯ ಇಲ್ಲಂತೆ, ನಾವೇ ತಪ್ಪು ತಿಳ್ಕಂಡ್ವಿ. ಪಾಕೀಟಿನ ಹಾಲು ಈ ಕೂಸು ಮುಟ್ಟವಲ್ದು."

"ಹಾಲಜ್ಜೀ, ಜಾಸ್ತಿ ಹಾಕು!"

ದುರುಗವ್ವ ಅಳತೆಯ ಲೋಟ ಅದ್ದಿದಳು, ಎತ್ತಿದಳು. ಈ ಬಾಗಿಲು ಮತ್ತೆ ತೆರೆಯಲೆಂದೇ ಅಲ್ಲವೇ ಇಷ್ಟು ದಿನ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತದ್ದು? ಕೈ ಮಾತ್ರ ಬಾಗಲಿಲ್ಲ.

"ನಿನ್ನೆ ಐತಂದ್ರು, ಇವತ್ತು ಇಲ್ಲಂತಾರೆ. ನಾನು ಯಾವುದು ನಂಬ್ಲಿ ಅಮ್ಮಾರೆ? ಈ ಕೂಸಿಗೇನಾರ ಆದ್ರೆ ನನಗ್ಯಾರದಾರೆ?"

ಹಾಲನ್ನು ಕ್ಯಾನಿಗೇ ಸುರಿದು ಮುಚ್ಚಳ ಬಿಗಿದಳು. ಅಂಕಿತಾ ಅಳತೊಡಗಿದಳು. ಒಮ್ಮೆ ಎತ್ತಿಕೊಳ್ಳಬೇಕೆಂದು ಕೈ ಚಾಚಿತು. ಎತ್ತಿಕೊಂಡರೆ ಹಾಲು ಹಾಕಿಯೇಬಿಟ್ಟೇನೆಂದು ಹೆದರಿ, ಸ್ಟೇಷನ್ನಿನ ಕಡೆ ಸರಸರ ನಡೆದಳು.