ಸುಕನ್ಯಳ ಸೀಮಂತದ ನಲವತ್ತು ನಿಮಿಷ

ಮಲ್ಲಿಗೆ ಅಲ್ಲ, ಊದುಬತ್ತಿ ಅಲ್ಲ, ಇದು ಬೇರೆ ವಾಸನೆ, ಅವಳ ಸೊಂಟದ ಕಡೆಯಿಂದ ಬರ್ತಾ ಇದೆ, ನಾನು ಬಗ್ಗಿ ತಂಗಿಯ ಎಡಗೈ ಹಿಡ್ಕೊಂಡಿದ್ದೀನಿ, ಮೂರನೇ ಹಸಿರು ಬಳೆ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಂಡಿದೆ, ಕೈ ಊದಿದೆ ಸುಕನ್ಯಂಗೆ, ಏಳು ತಿಂಗಳು ಅಲ್ವಾ — ಆಸ್ಪತ್ರೆ ಕಾರಿಡಾರು, ಆಗ ತಾನೇ ಬಿಚ್ಚಿದ ಪ್ಲಾಸ್ಟರು, ಫಿನಾಯಿಲು, ಎಲ್ಲ ಸೇರಿದ ಹಾಗಿರೋ ವಾಸನೆ, ಈ ಹಾಲ್‌ನಲ್ಲಿ ಕೂತಿರೋ ಇಷ್ಟು ಜನ ಹೆಂಗಸರಲ್ಲಿ ಇದೇನು ಅಂತ ಹೇಳಬಲ್ಲವಳು ನಾನೊಬ್ಬಳೇ, ಮೂವತ್ತು ವರ್ಷದಿಂದ ದಿನಕ್ಕೆ ನಾಲ್ಕು ಸಲ ಚುಚ್ಕೊಳ್ತಿದ್ದೀನಲ್ಲ, ಸಿರಿಂಜಿನ ತುದಿಯಿಂದ ಒಂದು ಹನಿ ಬೆರಳ ಮೇಲೆ ಬಿದ್ರೆ ಇದೇ ವಾಸನೆ, ಇನ್ಸುಲಿನ್. ಸುಕನ್ಯಂಗೂ ಗೊತ್ತಾಗ್ಬೇಕಿತ್ತು, ಅವಳದ್ದೂ ನನ್ನ ಕಾಯಿಲೆಯೇ, ಆದ್ರೆ ಬಸುರಾದಾಗಿಂದ ಮೂಗು ಕಟ್ಟಿಕೊಂಡು ಬಾಯಲ್ಲೇ ಉಸಿರಾಡ್ತಾಳೆ. ಈ ವಾಸನೆ ಹೊರಗೆ ಬರಬಾರದು, ಅದು ಅವಳ ಮೈಯೊಳಗೆ ಹೋಗ್ಬೇಕು, ಹೊರಗೆ ಬರ್ತಿದೆ ಅಂದ್ರೆ ಸೊಂಟಕ್ಕೆ ಸಿಕ್ಕಿಸಿರೋ ಔಷಧಿ ಪಂಪಿನ ಪೈಪು ಎಲ್ಲೋ ಕಳಚಿದೆ, ಬೆಳಿಗ್ಗೆ ಅಕ್ಕಯಮ್ಮತ್ತೆ ಲಂಗದ ಲಾಡಿ ಎಳೆದು ಕಟ್ಟಿದ್ಳಲ್ಲ, ಸೀರೆ ಜಾರಬಾರದು ಕಣೇ ಅಂತ, ಆಗಲೇ ಆಗಿರುತ್ತೆ. ಹೇಳ್ಬೇಕು. ಮೂರನೇ ಬಳೆ ಒಳಗೆ ಹೋಯ್ತು. ಯಾಕಕ್ಕ ಹಾಗೆ ನೋಡ್ತಿದ್ದೀಯ, ಅಂದ್ಲು. ಏನಿಲ್ಲ, ಅಂದೆ.

ಏನಿಲ್ಲ ಅಂತ ಯಾಕಂದೆ, ನಾಲಿಗೆ ತಾನಾಗೇ ಅಂತು — ಅದಕ್ಕೆ ಸ್ವಲ್ಪ ಮುಂಚೆ ಅಕ್ಕಯಮ್ಮತ್ತೆ, ಅಪ್ಪನ ತಂಗಿ, ಎಲ್ಲರಿಗೂ ಕೇಳೋ ಹಾಗೆ ಅಂದಿದ್ಳು, ಧನ, ನೀನು ಆಮೇಲೆ ತೊಡಿಸ್ವಂತೆ ಬಾರಮ್ಮ, ಮೊದ್ಲು ಮಕ್ಕಳಿರೋರು ತೊಡಿಸ್ಲಿ. ಕೆಟ್ಟವಳಲ್ಲ ಅತ್ತೆ, ನನ್ನ ಬೆನ್ನು ಸವರಿಕೊಂಡೇ ಅಂದ್ಳು, ನಾನು ಎದ್ದವಳು ಹಾಗೇ ಕೂತೆ, ತಟ್ಟೇಲಿರೋ ಬಳೆ ನೋಡ್ತಾ. ಆಗ ಸುಕನ್ಯ, ಮೊದ್ಲು ನಮ್ಮಕ್ಕನೇ ತೊಡಿಸ್ಬೇಕು, ಇಲ್ಲಾಂದ್ರೆ ನಾನು ಕೈನೇ ಕೊಡಲ್ಲ, ಅಂದ್ಲು. ನಕ್ಕೊಂಡು. ಅತ್ತೆಯ ಮಾತು ನುಂಗಬಹುದಿತ್ತು, ಇವಳ ಮಾತು ನುಂಗೋಕಾಗಲಿಲ್ಲ, ಕೊಡೋಳು ಯಾವಾಗ್ಲೂ ಇವಳೇ, ಕೊಡೋಕೆ ಇವಳ ಹತ್ರ ಎಲ್ಲಾ ಇದೆ — ಹೊಟ್ಟೆ ತುಂಬ ಮಗು, ಹೆಂಡತಿ ನೀರು ಕುಡಿದ್ರೂ ಸಕ್ಕರೆ ಎಷ್ಟಾಯ್ತು ಅಂತ ಫೋನ್ ನೋಡೋ ಗಂಡ, ಕೆ.ಆರ್. ಪುರದಲ್ಲಿ ಗಾಳಿ ಬೆಳಕಿನ ಮನೆ, ಮೇಲಿಂದ ಆ ಮೆಷಿನ್ನು. ತೋಳಿನ ಹಿಂದೆ ಅಂಟಿಸಿದ ಒಂದು ಬಿಲ್ಲೆ, ಅದು ಐದೈದು ನಿಮಿಷಕ್ಕೂ ಸಕ್ಕರೆ ಎಷ್ಟು ಅಂತ ನೋಡುತ್ತೆ, ಸೊಂಟದಲ್ಲಿರೋ ಪಂಪಿಗೂ ಫೋನಿಗೂ ಹೇಳುತ್ತೆ, ಪಂಪು ಬೇಕಾದಷ್ಟು ತಾನೇ ಬಿಡುತ್ತೆ. ಒಂದು ಸಲ ನಮ್ಮ ಹಲಸೂರಿನ ಮನೆಗೆ ಬಂದು ಉಳಿದಾಗ ನೋಡಿದೀನಿ, ಮಧ್ಯಾಹ್ನ ಊಟ ಮಾಡಿ ಗುಂಡಿ ಒತ್ತಿ ಮಲಗಿದ್ಳು, ಬಾಯಿ ಸ್ವಲ್ಪ ತೆರೆದು, ಏನೂ ಚಿಂತೆ ಇಲ್ಲದವಳ ಹಾಗೆ. ನಾನು ಒಂಬತ್ತು ವರ್ಷದವಳಿದ್ದಾಗಿಂದ ಹಾಗೆ ಮಲಗಿಲ್ಲ. ಎಷ್ಟಿದೆಯೋ, ಏರ್ತೋ, ಇಳೀತೋ, ನಿದ್ದೆಯೊಳಗೂ ಒಂದು ಕಣ್ಣು ಬಿಟ್ಟೇ ಇರ್ತೀನಿ, ಆ ಕಣ್ಣಿಗೂ ಹೋದ ವರ್ಷ ಲೇಸರ್ ಮಾಡ್ಸಿಕೊಂಡು ಬಂದೆ, ಈಗ ಹೊಲಿಗೆ ಮೆಷಿನ್ ಸೂಜಿಗೆ ದಾರ ಹಾಕೋಕೆ ಪಕ್ಕದವಳನ್ನ ಕರೀಬೇಕು.

ಹೋಳಿಗೆ ತಿನ್ನಿಸ್ತಿದ್ದಾರೆ ಅವಳಿಗೆ, ಒಬ್ಬೊಬ್ಬರೂ ಒಂದೊಂದು ಚೂರು, ಆರತಿಗೆ ಕೂರೋ ಮುಂಚೇನೇ ಸಿಹಿಗೆ ಅಂತ ಲೆಕ್ಕ ಹಾಕಿ ಗುಂಡಿ ಒತ್ತಿದ್ಳು, ನಾನೇ ನೋಡ್ದೆ, ಆ ಔಷಧಿಯೆಲ್ಲ ಈಗ ಲಂಗಕ್ಕೆ ಹೋಗಿದೆ, ಹೋಳಿಗೆ ಮಾತ್ರ ಹೊಟ್ಟೆಗೆ ಹೋಗ್ತಿದೆ. ನಾನು ಗೋಡೆ ಪಕ್ಕ ಬಂದು ಕೂತೆ. ಈಗ ಹೇಳ್ತೀನಿ, ಈ ಹಾಡು ಮುಗೀಲಿ. ಹಾಡು ಮುಗೀತು. ಅವಳ ಗಂಡ ವಸಂತ ಬಾಗಿಲ ಹತ್ರ ಫೋನ್ ಹಿಡ್ಕೊಂಡು ನಿಂತಿದ್ದ, ಪೂಜೆ ಹೊತ್ತಲ್ಲಿ ಕಿರುಚಬಾರದು ಅಂತ ಸದ್ದು ತೆಗೆದಿಟ್ಟಿದ್ದಾನೆ, ಎಷ್ಟಿದೆಯಪ್ಪ, ಅಂತ ಕೇಳ್ದೆ, ನೂರ ನಲವತ್ತೊಂಬತ್ತು ಅತ್ತಿಗೆ, ಸ್ವೀಟ್ ತಿಂದಿದ್ದಾಳಲ್ಲ, ಅದೇ ಸರಿ ಮಾಡ್ಕೊಳ್ಳುತ್ತೆ, ಅಂದ. ಅದೇ ಸರಿ ಮಾಡ್ಕೊಳ್ಳುತ್ತೆ. ಎಷ್ಟು ನಂಬಿಕೆ, ನೋಡೋಣ ಹಾಗಾದ್ರೆ, ಅಂತ ನನ್ನೊಳಗೆ ಯಾರೋ ಅಂದ್ರು, ನಾನಲ್ಲ, ನಾನೇ, ನೋಡೋಣ, ನಿಮ್ಮ ಮೆಷಿನ್ನಿಗೆ ಮೂಗಿದೆಯಾ. ಅದಕ್ಕೆ ಗೊತ್ತಾಗಲ್ಲ, ಸಕ್ಕರೆ ಏರ್ತಿದೆ ಅಂತ ಇನ್ನೂ ಬಿಡ್ತಾನೇ ಇರುತ್ತೆ ಬಟ್ಟೆಗೆ. ನನಗೆ ಗೊತ್ತಾಗುತ್ತೆ. ಇವರೆಲ್ಲರಿಗಿಂತ, ಆ ಪಂಪಿಗಿಂತ, ನನಗೇ ಮೊದಲು ಗೊತ್ತಾಗಿದೆ — ಆ ಒಂದು ಸಂತೋಷ, ಎಷ್ಟು ಕೊಳಕು ಸಂತೋಷ, ಅದನ್ನ ಲಾಡು ಚೂರಿನ ಹಾಗೆ ಬಾಯಲ್ಲಿ ಇಟ್ಕೊಂಡು ಕೂತಿದ್ದೆ.

ಇವಳಿಗೆ ಹದಿನಾಲ್ಕಕ್ಕೆ ಈ ಕಾಯಿಲೆ ಬಂದಾಗ ಅಪ್ಪ ಗೋಡೆಗೆ ತಲೆ ಕೊಟ್ಟು ಅತ್ತ. ನನಗೆ ಬಂದಾಗ ಅಳಲಿಲ್ಲ, ಬೌರಿಂಗ್ ಆಸ್ಪತ್ರೆ ಸಾಲಲ್ಲಿ ನಿಂತು ಬಾಟ್ಲಿ ತಂದು, ಮನೇಲಿ ಫ್ರಿಜ್ ಇರ್ಲಿಲ್ಲ, ಮಡಕೆ ನೀರಲ್ಲಿ ಇಟ್ಟ, ಅಷ್ಟೇ. ಚುಚ್ಕೊಳ್ಳೋದು ಇವಳಿಗೆ ಕಲಿಸಿದ್ದು ನಾನು, ಸೂಜಿ ನೋಡಿ ನಡುಗ್ತಿದ್ಳು, ಮೊದ್ಲು ನನ್ನ ತೊಡೆಗೆ ಚುಚ್ಚು, ನೋಯಲ್ಲ, ನೋಡು, ಅಂತ ಬರೀ ಸೂಜಿ ಕೊಟ್ಟು ಎಷ್ಟು ಸಲ ಚುಚ್ಚಿಸ್ಕೊಂಡೆ. ನೋಯ್ತಿತ್ತು. ಹಲ್ಲು ಕಚ್ಚಿ ನಕ್ಕಿದ್ದೆ. ಆಮೇಲೆ ನನ್ನ ಬಸಿರು, ಐದನೇ ತಿಂಗಳು, ದೊಡ್ಡನೆಕ್ಕುಂದಿ ಗಾರ್ಮೆಂಟ್ಸಲ್ಲಿ ಬೆಲ್ ಹೊಡೆದಾಗಲೇ ಊಟ, ಟಾಯ್ಲೆಟ್ಟಲ್ಲಿ ನಿಂತ್ಕೊಂಡು ಸೀರೆ ಎತ್ತಿ ಚುಚ್ಕೊಂಡು ಓಡಿಬಂದು ಕೂರ್ತಿದ್ದೆ, ಸೂಪರ್‌ವೈಸರ್ ಕೂಗ್ತಿದ್ದ. ಸಕ್ಕರೆ ಹಿಡಿತದಲ್ಲಿ ಇರ್ಲಿಲ್ಲಮ್ಮ, ಅಂದ್ರು ಡಾಕ್ಟ್ರು, ಅದಕ್ಕೇ ನಿಲ್ಲಲಿಲ್ಲ. ಹಿಡಿತ. ಯಾವ ಕೈಯಲ್ಲಿ ಹಿಡೀಲಿ ಅದನ್ನ. ಆಗ ನನಗೊಂದು ಇಂಥ ಮೆಷಿನ್ ಇದ್ದಿದ್ರೆ ಇವತ್ತು ಸ್ಕೂಲಿಗೆ ಹೋಗೋ ಮಗು ನನ್ನ ಸೆರಗು ಜಗ್ಗಿ, ಅಮ್ಮ, ಚಿಕ್ಕಮ್ಮಂಗೆ ನಾನೂ ಬಳೆ ತೊಡಿಸ್ತೀನಿ, ಅಂತಿತ್ತು. ಇವಳು ಬಸುರಿ ಅಂತ ಗೊತ್ತಾದ ವಾರದಲ್ಲೇ ವಸಂತ ಓಡಾಡಿ ಪಂಪು ತಂದ, ನನಗೆ ಫೋನ್ ಮಾಡಿ ಹೇಳಿದ್ಳು, ಅಕ್ಕ, ನಂಗೇನೂ ಆಗಲ್ಲ ಅಲ್ವಾ, ಅಂತ. ಏನೂ ಆಗಲ್ಲ ಬಿಡೇ, ಅಂದು ಫೋನ್ ಇಟ್ಟು, ಬಚ್ಚಲಿಗೆ ಹೋಗಿ ಕೊಳಾಯಿ ಬಿಟ್ಟು ಕೂತಿದ್ದೆ.

ನೂರ ಎಪ್ಪತ್ತೆಂಟು. ಇನ್ನೂರಾರು. ವಸಂತನ ಹುಬ್ಬು ಗಂಟಾಯ್ತು, ಫೋನ್ ತಂದು ಅವಳಿಗೆ ತೋರಿಸ್ದ, ಅವಳು, ಹೋಳಿಗೆ ಜಾಸ್ತಿ ಆಯ್ತು ರೀ, ಇನ್ನೊಂಚೂರು ಕೊಡ್ತೀನಿ ತಾಳಿ, ಅಂತ ಸೀರೆ ಮಡಿಲಲ್ಲಿ ಕೈ ಹಾಕಿ ಮತ್ತೆ ಗುಂಡಿ ಒತ್ತಿದ್ಳು. ಅದೂ ಬಟ್ಟೆಗೆ. ಆಮೇಲೆ ನೀರು ಕೇಳಿದ್ಳು. ಲೋಟ ಕೆಳಗಿಡೋ ಮುಂಚೇನೇ, ಇನ್ನೊಂದು ಲೋಟ ಕೊಡು ಅತ್ತೆ, ಅಂದ್ಲು, ತುಟಿ ನೆಕ್ಕೊಂಡ್ಳು — ಆ ಬಾಯಾರಿಕೆ ನಂಗೊತ್ತು, ನಾಲಿಗೆ ಅಂಗುಳಕ್ಕೆ ಅಂಟೋದು, ಎಷ್ಟು ಕುಡಿದ್ರೂ ಒಳಗೆ ಬೂದಿ ಹಾಗೆ, ಆ ಐದನೇ ತಿಂಗಳಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತು ನಾನು ಹೀಗೇ ತುಟಿ ನೆಕ್ಕೊಳ್ತಿದ್ದೆ, ಒಂದು ಕೈ ಹೊಟ್ಟೆ ಕೆಳಗೆ ಇಟ್ಕೊಂಡು. ಅವಳೂ ಇಟ್ಕೊಂಡ್ಳು, ಅದೇ ಜಾಗದಲ್ಲಿ, ಮಗೂನ ಕೆಳಗಿಂದ ಹಿಡ್ಕೊಳ್ಳೋ ಹಾಗೆ. ಯಾವಾಗ ಎದ್ದೆನೋ. ಜನರ ಮಧ್ಯೆ ದಾಟಿ ಹೋಗ್ತಿದ್ದೀನಿ, ಯಾರದೋ ಕಾಲು ತುಳಿದೆ, ಆರತಿ ತಟ್ಟೆ ಅಲುಗಾಡ್ತು, ಎದ್ದೇಳು, ಅಂದೆ. ಏನಕ್ಕ. ಎದ್ದೇಳೇ ಮೊದ್ಲು, ರೂಮಿಗೆ ಬಾ. ಮಧ್ಯದಲ್ಲಿ ಏಳಿಸ್ಬಾರ್ದು ಧನ, ಶಾಸ್ತ್ರ ಇದೆ, ಅಂತ ಅಕ್ಕಯಮ್ಮತ್ತೆ ಕೈ ಅಡ್ಡ ಹಿಡಿದ್ಳು, ಶಾಸ್ತ್ರ ಆಮೇಲೆ ಅತ್ತೆ, ಅಂದೆ, ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಬಾಗಿಲು ಹಾಕಿ ಲಾಡಿ ಬಿಚ್ಚಿದೆ. ಸೊಂಟದ ಪಕ್ಕ ಅಂಟಿಸಿದ್ದ ಪಟ್ಟಿ ಅರ್ಧ ಎದ್ದು ಬಂದಿತ್ತು, ಪೈಪಿನ ತುದಿ ಚರ್ಮದಿಂದ ಹೊರಗೆ, ಹಸಿರು ಲಂಗದ ಮೇಲೆ ಒಂದು ಅಂಗೈಯಷ್ಟು ಒದ್ದೆ, ವಾಸನೆ ರಪ್ಪಂತ ಮುಖಕ್ಕೆ ಹೊಡೀತು. ಅಯ್ಯೋ, ಅಂದ್ಲು. ಡಾಕ್ಟರ್ ಮೇಡಂಗೆ ಫೋನ್ ಹಚ್ಚಿದ್ಳು, ಅವರು ಕೇಳಿದ್ದು ಕೇಳಿದ ಹಾಗೆ ಹೇಳಿದ್ಳು, ಮಗು ಒದೀತಿದೆಯಾ, ಹೂಂ ಮೇಡಂ, ಒದೀತಿದೆ, ಪಂಪು ನಂಬಬೇಡಿ, ಅಂದ್ರು ಮೇಡಂ, ಈಗಲೇ ಸಿರಿಂಜಲ್ಲಿ ತಗೊಳ್ಳಿ, ಹೊಸ ಪೈಪ್ ಹಾಕ್ಕೊಳ್ಳಿ, ಒಂದು ಗಂಟೆ ನೋಡಿ ಇಳೀದಿದ್ರೆ ಸೀದಾ ಬನ್ನಿ. ನನ್ನ ಬ್ಯಾಗಲ್ಲಿ ಸಿರಿಂಜಿತ್ತು, ಅವಳ ಫ್ರಿಜ್ಜಲ್ಲಿ ಔಷಧಿ, ಮೇಡಂ ಹೇಳಿದಷ್ಟು ಎಳೆದೆ, ಗೆರೆ ಸರಿಯಾಗಿ ಕಾಣ್ಲಿಲ್ಲ ನನಗೆ, ಅವಳೇ ಓದಿ, ಸರಿ ಇದೆ, ಅಂದ್ಲು, ನೀನೇ ಚುಚ್ಚಕ್ಕ. ಚುಚ್ಚಿದೆ. ಸೂಜಿಗೆ ಮುಚ್ಚಳ ಹಾಕ್ದೆ, ಅವಳು ನನ್ನನ್ನೇ ನೋಡಿದ್ಳು. ಹೇಗೆ ಗೊತ್ತಾಯ್ತು ನಿಂಗೆ. ವಾಸನೆ ಬಂತು. ಯಾವಾಗ ಬಂತು. ಈಗ, ಅಂತ ಅನ್ನೋಕೆ ಬಾಯಿ ತೆಗೆದೆ, ಅಷ್ಟರಲ್ಲಿ ಅವಳು ಫೋನ್ ತಿರುಗಿಸಿ ಮಂಚದ ಮೇಲೆ ಇಟ್ಳು, ಅದರಲ್ಲಿ ಬೆಳಿಗ್ಗೆಯಿಂದ ಇರುವೆ ಸಾಲಿನ ಹಾಗೆ ನೆಟ್ಟಗೆ ಬಂದ ಚುಕ್ಕೆಗಳು, ಐದು ನಿಮಿಷಕ್ಕೊಂದು, ಹನ್ನೊಂದೂ ಕಾಲಿನಿಂದ ಮೇಲಕ್ಕೆ ಹತ್ತೋಕೆ ಶುರು. ಹತ್ತೋಕೆ ಶುರುವಾದ ಚುಕ್ಕೆ ಮೇಲೆ ಬೆರಳಿಟ್ಳು, ಹಸಿರು ಬಳೆ ಫೋನಿಗೆ ತಾಗಿ ಸದ್ದಾಯ್ತು. ಇದು ನೀನು ಬಳೆ ತೊಡಿಸಿದಾಗ, ಅಂದ್ಲು. ಕೇಳಲಿಲ್ಲ, ಅಂದ್ಲು ಅಷ್ಟೇ. ನಾನು ಹೂಂ ಅಂದೆ. ಸುಳ್ಳು ಹೇಳೋಕೆ ಆಗಲಿಲ್ಲ, ಹೂಂ ಅಂದೆ.

ಬಾಗಿಲು ತೆರೆದಾಗ ಎಲ್ಲರೂ ಅಲ್ಲೇ ನಿಂತಿದ್ರು, ವಸಂತನ ಮುಖ ಬಿಳಿಚಿಕೊಂಡಿತ್ತು, ಸುಕನ್ಯ ಸೆರಗು ಸರಿ ಮಾಡ್ಕೊಂಡು, ಪೈಪ್ ಕಳಚಿತ್ತು ರೀ, ಯಾರಿಗೂ ಗೊತ್ತಾಗಿರ್ಲಿಲ್ಲ, ಅಕ್ಕ ವಾಸನೇಲೇ ಕಂಡುಹಿಡಿದ್ಲು, ಅಂದ್ಲು. ನನ್ನ ಕಡೆ ನೋಡದೆ ಅಂದ್ಲು. ವಸಂತ ನನ್ನ ಎರಡೂ ಕೈ ಹಿಡ್ಕೊಂಡ, ಅತ್ತಿಗೆ, ನೀವಿಲ್ದಿದ್ರೆ, ಅಂದ. ಅಕ್ಕಯಮ್ಮತ್ತೆ ನನ್ನ ಗಲ್ಲ ಹಿಡಿದು, ತಾಯಿ ಕಣೇ ನೀನು, ಬಾ, ಮೊದಲನೇ ಆರತಿ ನೀನೇ ಎತ್ತು, ಅಂತ ತಟ್ಟೆ ಕೈಗೆ ಕೊಟ್ಳು. ಇನ್ನು ಇಳಿಯುತ್ತೆ, ಇಳಿಯುತ್ತೆ, ಅಂತ ಯಾರೋ ಕೂಗಿದ್ರು, ಎಲ್ಲರೂ ನಗ್ತಿದ್ದಾರೆ, ಹಾಡು ಮತ್ತೆ ಶುರುವಾಯ್ತು, ಸುಕನ್ಯ ಕುರ್ಚಿ ಮೇಲೆ ಕೂತು ತಲೆ ಬಗ್ಗಿಸಿದ್ದಾಳೆ, ಮಡಿಲಲ್ಲಿ ಫೋನು, ಪರದೆ ಆರಿಲ್ಲ, ಆರಿಸಿಲ್ಲ ಅವಳು, ನಾನು ಆರತಿ ಎತ್ತಬೇಕು, ಎತ್ತಬೇಕು, ದೀಪದ ಬೆಳಕಲ್ಲಿ ಬೇರೇನೂ ಕಾಣಲ್ಲ ನನ್ನ ಕಣ್ಣಿಗೆ, ಆ ಚುಕ್ಕೆಗಳು ಮಾತ್ರ ಕಾಣ್ತಿವೆ, ಒಂದು, ಹಾಡು ಮುಗೀಲಿ ಅಂದಿದ್ದು, ಎರಡು, ನೋಡೋಣ ಅಂದಿದ್ದು, ಮೂರು, ನಾಲ್ಕು, ಗೋಡೆಗೆ ಒರಗಿ ಕೂತಿದ್ದು, ಐದು, ಆರು, ಏಳು, ಎಂಟು ಚುಕ್ಕೆ, ಒಂದಕ್ಕಿಂತ ಒಂದು ಮೇಲೆ, ಎಂಟು ಚುಕ್ಕೆ —