ಅಕ್ಕತಂಗಿ ಅಂತ ಬರೆಯುವಂತಿಲ್ಲ

ನನ್ನ ಕಣ್ಣೆದುರಿಗೇ ಎರಡು ಹಾಸಿಗೆ ಖಾಲಿ ಇದ್ದವು. ಎರಡು ಯಂತ್ರವೂ ಖಾಲಿ. ಆದರೂ ಯಂತ್ರ ನೋಡಿಕೊಳ್ಳುವ ಪ್ರದೀಪ ಒಬ್ಬರನ್ನು ಮಾತ್ರ ಒಳಗೆ ಬಿಡುತ್ತೇನೆಂದ.

"ಇವ್ರಿಬ್ರೂ ಒಬ್ರೇ ಅಂತ ಬಂದದೆ ಅಕ್ಕ."

ನನ್ನ ಅವ್ವ ಪುಟ್ಟಮಲ್ಲಮ್ಮ, ಅವಳ ಅಕ್ಕ ದೊಡ್ಡಮಲ್ಲಮ್ಮ, ಇಬ್ಬರೂ ಬೆಂಚಿನ ಮೇಲೆ ಅಂಟಿಕೊಂಡು ಕೂತಿದ್ದರು. ಇಬ್ಬರಿಗೂ ಕಿಡ್ನಿ ಕೈಕೊಟ್ಟಿದೆ. ಬೇಗೂರಿನಲ್ಲಿ ಮೊದಲ ಬಸ್ಸು ಹತ್ತಿಸಿ, ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ, ಚಾಮರಾಜನಗರದ ಈ ಡಯಾಲಿಸಿಸ್ ಕೇಂದ್ರಕ್ಕೆ ಅವರನ್ನು ಕರೆತರುವವಳು ನಾನು. ಯಾವುದೋ ಟ್ರಸ್ಟಿನವರು ನಡೆಸುವ ಕೇಂದ್ರ. ಇಷ್ಟು ದಿನವೂ ಇಬ್ಬರನ್ನು ಅಕ್ಕಪಕ್ಕ ಮಲಗಿಸಿ ಯಂತ್ರ ಹಾಕಿದವನು ಇದೇ ಪ್ರದೀಪ. ಯಾರಿಗೆ ಯಾವ ಕೈಗೆ ಸೂಜಿ ಎಂಬುದು ಅವನಿಗೆ ಬಾಯಿಪಾಠ. ಈಗ ಇಬ್ಬರೂ ಒಬ್ಬರೇ ಅನ್ನುತ್ತಾನಲ್ಲ!

ಹೊಸ ಸಾಫ್ಟ್‌ವೇರ್ ಬಂದಿದೆಯಂತೆ. ಒಂದೇ ರೋಗಿ ಎರಡು ಹೆಸರಲ್ಲಿ ಸೇರಿಕೊಳ್ಳಬಾರದೆಂದು ಅದು ಹೆಸರುಗಳನ್ನು ಒಂದಕ್ಕೊಂದು ಹೋಲಿಸುತ್ತದಂತೆ. ಅಕ್ಷರ ಹತ್ತಿರವಿದ್ದರೂ ಅನುಮಾನ, ಕಿವಿಗೆ ಒಂದೇ ಥರ ಕೇಳಿಸಿದರೂ ಅನುಮಾನ. ಆಮೇಲೆ ಅಪ್ಪನ ಹೆಸರು, ಊರು, ಫೋನು, ಜೊತೆಗೆ ಬರುವವರು. ಇವುಗಳಲ್ಲಿ ಒಂದೆರಡು ಕೂಡಿಬಂದರೂ ಸಾಕು, ಇಬ್ಬರನ್ನು ಒಬ್ಬರು ಮಾಡಿ ಒಂದು ಹೆಸರನ್ನು ಅಳಿಸಿಬಿಡುತ್ತದೆ. ಅಳಿಸಿಹೋದವಳು ದೊಡ್ಡವ್ವ.

"ಒಬ್ಳು ದೊಡ್ಡಮಲ್ಲಮ್ಮ, ಇನ್ನೊಬ್ಳು ಪುಟ್ಟಮಲ್ಲಮ್ಮ. ಅಷ್ಟೂ ಗೊತ್ತಾಗಲ್ವಾ ಅದ್ಕೆ?"

"ದೊಡ್ಡ, ಪುಟ್ಟ ಅನ್ನೋದ್ನ ಅದು ಲೆಕ್ಕುಕ್ಕೇ ತಕಳಲ್ಲ ಅಕ್ಕ. ಶ್ರೀಮತಿ, ಕುಮಾರಿ ಇದ್ದಂಗೆ ಅನ್ಕಂಡು ತಗ್ದಾಕ್ಬುಡ್ತದೆ. ಮಿಕ್ಕಿದ್ದು ಮಲ್ಲಮ್ಮ, ಮಲ್ಲಮ್ಮ."

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕಡೆ ಮನೆದೇವರ ಹೆಸರನ್ನೇ ಹುಟ್ಟಿದವರಿಗೆಲ್ಲ ಇಡುತ್ತಾರೆ. ಹಿರಿಯಳು ದೊಡ್ಡ, ಕಿರಿಯಳು ಪುಟ್ಟ. ಇವರ ತವರು ಉಡಿಗಾಲದ ಬೀದಿಯಲ್ಲಿ ನಿಂತು ಮಲ್ಲಮ್ಮಾ ಎಂದು ಕೂಗಿದರೆ ಎಷ್ಟು ಬಾಗಿಲು ತೆರೆಯುತ್ತವೋ! ಇದೊಂದೂ ತಿಳಿಯದ ಯಾವನೋ ಪುಣ್ಯಾತ್ಮ ಎ.ಸಿ. ಕೋಣೆಯಲ್ಲಿ ಕೂತು ನನ್ನ ದೊಡ್ಡವ್ವನನ್ನು ತೆಗೆದುಹಾಕಿದ್ದ. ಅವಳ ಕಾಲು ಬಾತುಕೊಂಡು ಚಪ್ಪಲಿಗೆ ಹೋಗುತ್ತಿರಲಿಲ್ಲ. ಎರಡು ಮಾತಾಡಿದರೆ ಏದುಸಿರು. ಇವತ್ತು ಯಂತ್ರ ಹಾಕದಿದ್ದರೆ ನೀರು ಎದೆಗೇರಿ ಉಸಿರು ಕಟ್ಟುತ್ತದೆಂದು ನನಗೆ ಹೇಳಿಕೊಟ್ಟವನೂ ಪ್ರದೀಪನೇ.

"ಕಣ್ಣು ಕಾಣ್ಸಲ್ವಾ ನಿಂಗೆ? ಎರಡು ತಲೆ ಕೂತವೆ ನೋಡು!"

"ಕಾಣ್ತವೆ ಅಕ್ಕ. ಸಿಸ್ಟಮ್ ಒಪ್ದೆ ಮೆಷಿನ್ ಹಾಕುದ್ರೆ ನನ್ ಕೆಲ್ಸ ಓಯ್ತದೆ. ಕಂಪನಿಗೆ ಫೋನ್ ಮಾಡಿವ್ನಿ. ಸೋಮವಾರ ನೋಡ್ತೀವಿ ಅಂತಾರೆ."

"ಸೋಮವಾರ್ದ ತನ್ಕ ಉಸ್ರಾಡ್ಬ್ಯಾಡ ಅಂತ ಇವ್ಳಿಗೆ ಯೋಳ್ಬುಡು ಮತ್ತೆ!"

ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

ಅವ್ವ ಎದ್ದು, "ಅಕ್ಕಂಗೆ ಹಾಕಪ್ಪ, ನಾನು ತಡ್ಕತೀನಿ" ಎಂದಳು. ದೊಡ್ಡವ್ವ ಅವಳ ಸೆರಗು ಹಿಡಿದು ಕೂರಿಸಿದಳು. "ನೀ ಓಗು. ನಿಂಗೆ ಮಗಳವ್ಳೆ."

"ನಾನು ನಿನ್ ಮಗಳಲ್ವಾ?" ಎಂದು ಅವಳ ಮೇಲೂ ರೇಗಿದೆ. ಗಂಡ ತೀರಿಕೊಂಡು, ಮಕ್ಕಳಿಲ್ಲದೆ ನಮ್ಮ ಮನೆಗೆ ಬಂದವಳು. ಅವ್ವ ಹೊಲಕ್ಕೆ ಹೋದರೆ ನನಗೆ ಉಣ್ಣಿಸಿ, ತಲೆ ಬಾಚಿ, ಸ್ಕೂಲಿಗೆ ಬಿಟ್ಟು ಬರುತ್ತಿದ್ದವಳು. ನನಗೆ ಇಬ್ಬರು ಅವ್ವಂದಿರು. ಅದನ್ನು ಯಾವ ಕಂಪ್ಯೂಟರೂ ನನಗೆ ಹೇಳಿಕೊಡಬೇಕಿಲ್ಲ.

ಪ್ರದೀಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಒಂದು ದಾರಿ ಅದೆ. ಬ್ಯಾರೆ ಎಸ್ರಲ್ಲಿ ವಸ್ದಾಗಿ ಸೇರಿಸ್ಕತೀನಿ. ಶಾಂತಿ ಅಂತ. ಊರು ಚಂದಕವಾಡಿ ಅನ್ನನ. ಫೋನು ನಂದೇ ಆಕ್ತೀನಿ."

"ಬದಲಾಗ್ಬೇಕಾದ್ದು ಇವಳೆಸ್ರಲ್ಲ, ನಿಮ್ ಕಂಪ್ಯೂಟ್ರು!"

"ಸುಮ್ನಿರು ಕಣಮ್ಮಿ," ಎಂದಳು ದೊಡ್ಡವ್ವ. "ಬರ್ಕೊ ಮಗ. ಶಾಂತಿನೋ ಪಾಂತಿನೋ."

ಅವನು ಹೆಸರು ಒತ್ತಿದ, ಊರು ಒತ್ತಿದ. ಆಮೇಲೆ ಬೆರಳು ನಿಂತಿತು. "ಅತ್ತಿರದ ಸಂಬಂಧಿಕ್ರು?"

"ಶಶಿರೇಖಾ," ಎಂದೆ ನಾನು.

"ನಿಮ್ಮೆಸ್ರು ಬ್ಯಾಡ ಅಕ್ಕ, ತಿರ್ಗಾ ಸೇರಿಸ್ಬುಡ್ತದೆ. ಅಕ್ಕತಂಗಿ ಅಂತ್ಲೂ ಬರಿಯಂಗಿಲ್ಲ." ದೊಡ್ಡವ್ವನ ಮುಖ ನೋಡಲಾರದೆ ಕೀಬೋರ್ಡ್ ನೋಡುತ್ತ ಹೇಳಿದ. "ಯಾರೂ ಇಲ್ಲ ಅಂತ ಆಕ್ಬೇಕಾದ್ರೆ ಅವ್ರೇ ಬಾಯ್ಬುಟ್ಟು ಯೋಳ್ಬೇಕು, ಅದು ರೂಲ್ಸು."

ಅವಳ ಕೈ ನನ್ನ ಕೈಯಲ್ಲಿತ್ತು. ಮೆಲ್ಲಗೆ ಬಿಡಿಸಿಕೊಂಡಳು.

"ನಂಗ್ಯಾರೂ ಇಲ್ಲ ಮಗ. ಬರ್ಕೊ."

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ದೊಡ್ಡವ್ವ ಗೋಡೆ ಹಿಡಿದು ಎದ್ದು ಒಳಗೆ ನಡೆದಳು. ನಾನು ಹಿಂದೆಯೇ ಓಡಿದೆ. ಬಾಗಿಲಲ್ಲಿ ಹೊಸದಾಗಿ ಬಂದ ನರ್ಸಮ್ಮ ಕೈ ಅಡ್ಡ ಹಿಡಿದು, "ನೀವು ಅವ್ರಿಗೆ ಏನಾಗ್ಬೇಕು?" ಎಂದು ಕೇಳಿದಳು.

ನಾನು ಪ್ರದೀಪನ ಕಡೆ ನೋಡಿದೆ. ಅವನು ಅವ್ವನ ಹೆಸರು ಒತ್ತುತ್ತಿದ್ದ. ಹಾಸಿಗೆಯ ಮೇಲೆ ದೊಡ್ಡವ್ವ ಆಗಲೇ ತೋಳು ಚಾಚಿ ಮಲಗಿದ್ದಳು.

"ಏನೂ ಆಗ್ಬೇಕಿಲ್ಲ," ಎಂದೆ.

ನರ್ಸಮ್ಮ ಬಾಗಿಲು ಹಾಕಿದಳು.