ಪೋಸ್ಟಮ್ಮನ ಎದುರು ಸೋತ ದಿನ

ಹದಿನೇಳು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಟೆನಿಸ್ ಆಡುತ್ತ ದೇಶ ದೇಶ ಸುತ್ತಿದವಳು, ಭುಜದ ಆಪರೇಷನ್ ಆದಮೇಲೆ ಆಟ ಬಿಟ್ಟು ಅಕ್ಕನ ಮನೆಗೆ ಬಂದು ಕೂತಳು. ಒಂದು ಕಾಲಕ್ಕೆ ಜಗತ್ತಿನಲ್ಲೇ ಅರವತ್ತೊಂದನೇ ಸ್ಥಾನದ ಆಟಗಾರ್ತಿ. ಅವಳ ಸರ್ವ್ ಅಂದರೆ ಎಂಥೆಂಥವರೂ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ದೊಡ್ಡ ಟೂರ್ನಿಗಳಲ್ಲಿ ಮಾತ್ರ ಎರಡನೇ ಸುತ್ತು ದಾಟಿದ್ದು ಒಂದೇ ಸಲ, ಅದೂ ಎದುರಾಳಿಗೆ ಹೊಟ್ಟೆ ಕೆಟ್ಟಿದ್ದರಿಂದ.

ಅಕ್ಕ ಟೈಲರ್. ಮನೆಯ ಕೆಳಗಿನ ಕೋಣೆಯೇ ಅಂಗಡಿ. ಮೂರು ವಾರಕ್ಕೆ ಅಕ್ಕನ ತಾಳ್ಮೆ ಮುಗಿಯಿತು. ಮಾಡಲು ಕೆಲಸವಿಲ್ಲದ ತಂಗಿ ಗುಂಡಿಗಳನ್ನೆಲ್ಲ ಬಣ್ಣ ನೋಡಿ ಜೋಡಿಸಿ, ಮತ್ತೆ ಅಳತೆ ನೋಡಿ ಜೋಡಿಸಿ, ಈಗ ದಾರಗಳಿಗೆ ಕೈ ಹಾಕಿದ್ದಳು.

"ಮುಟ್ಟಬೇಡ ಕಣೇ! ನನ್ನ ಅಂಗಡೀಲಿ ನಂಗೇ ಕಪ್ಪು ದಾರ ಸಿಗ್ತಿಲ್ಲ. ಪಾರ್ಕಲ್ಲಿ ಕೋರ್ಟ್ ಇದೆಯಲ್ಲ, ಹೋಗಿ ಆಡು."

"ಅಲ್ಲಿ ಬರೋರೆಲ್ಲ ಅರವತ್ತು ದಾಟಿದೋರು, ಅಕ್ಕಾ."

"ನಿಂಗೇನು, ಹದಿನಾರಾ? ನಡಿ, ನಡಿ!"

ಪಾರ್ಕಿನ ಕೋರ್ಟು ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದ ಹೆಂಗಸೊಬ್ಬಳು ಮೊಣಕಾಲಿಗೆ ಪಟ್ಟಿ ಬಿಗಿಯುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಪೋಸ್ಟಮ್ಮ.

"ಆಡ್ತೀಯೇನಮ್ಮಾ? ಹೆದರಬೇಡ, ಮೆಲ್ಲಗೆ ಹಾಕ್ತೀನಿ."

ಪಾಪ, ವಯಸ್ಸಾದವರು ಎಂದು ತಂಗಿಯೂ ಮೆಲ್ಲಗೇ ಶುರು ಮಾಡಿದಳು. ಮೂರು ಗೇಮ್ ಕೈಬಿಟ್ಟವು. ಆಮೇಲೆ ಹಲ್ಲು ಕಚ್ಚಿ ಆಡಿದಳು. ಪೋಸ್ಟಮ್ಮ ಚೆಂಡನ್ನು ಸವರಿದಂತೆ ಕತ್ತರಿಸಿ ಸರಿಯಾಗಿ ಬಿರುಕಿನ ಮೇಲೇ ಇಳಿಸುತ್ತಿದ್ದಳು. ಅದು ಪುಟಿಯದೆ ಅಲ್ಲೇ ಮಲಗಿಬಿಡುತ್ತಿತ್ತು. ಆರು-ನಾಲ್ಕಕ್ಕೆ ಪೋಸ್ಟಮ್ಮ ಗೆದ್ದಳು.

ಬೆಂಚಿನಲ್ಲಿ ಕೂತು ಆಟ ನೋಡುತ್ತಿದ್ದ ಬೀದಿಯ ಕ್ಷೌರಿಕ ಆಗ ಗುರುತು ಹಿಡಿದ. "ಅಯ್ಯೋ, ಇವರು ಟಿವೀಲಿ ಬರ್ತಿದ್ದೋರು!"

ಪೋಸ್ಟಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಹೌದಾ? ಅಲ್ಲಿ ನಿಂಗೆ ಇಂಥ ಚೆಂಡು ಯಾರೂ ಹಾಕ್ಲಿಲ್ವಾ?"

"ಹಾಕ್ತಿದ್ರು. ಅದಕ್ಕೇ ಬೇಗ ಬೇಗ ಮನೆಗೆ ಬರ್ತಿದ್ದೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದೆಲ್ಲ ಸೋತರೆ ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳುತ್ತಿದ್ದಳು, ಕೋಚ್ ಎರಡು ದಿನ ಮಾತಾಡುತ್ತಿರಲಿಲ್ಲ. ಇವತ್ತು ಸೋತಮೇಲೆ ಅವಳಿಗೆ ಅನ್ನಿಸಿದ್ದು ಒಂದೇ: ಹಸಿವು.

"ನಂಗೆ ಆ ಹೊಡೆತ ಹೇಳಿಕೊಡಿ," ಎಂದಳು.

"ನೀನು ನಂಗೆ ಸರ್ವ್ ಹೇಳಿಕೊಡು. ಎದುರಿನವರಿಗೆ ಮುಟ್ಟೋಕೂ ಆಗದಂಥ ಸರ್ವು, ಏಸ್ ಅಂತಾರಲ್ಲ, ಜನ್ಮದಲ್ಲಿ ಒಂದೂ ಹೊಡೆದಿಲ್ಲ ನಾನು."

ದಿನಾ ಬೆಳಿಗ್ಗೆ ಕಲಿಕೆ ನಡೆಯಿತು. ನೋಡನೋಡುತ್ತ ಕ್ಷೌರಿಕನೂ ಸೇರಿ ಒಂಬತ್ತು ಜನ ಸಾಲು ನಿಂತರು. ಅಕ್ಕ ಎಲ್ಲರಿಗೂ ಬಿಳಿ ಟೋಪಿ ಹೊಲಿದುಕೊಟ್ಟಳು.

ಬೇಸಿಗೆಯಲ್ಲಿ ಪಾರ್ಕು ಪಾರ್ಕುಗಳ ನಡುವೆ ಡಬಲ್ಸ್ ಪಂದ್ಯ. ಪೋಸ್ಟಮ್ಮ ಮತ್ತು ಅವಳು ಜೋಡಿಯಾಗಿ ಫೈನಲ್ ಮುಟ್ಟಿ, ಅಲ್ಲಿ ಸೋಲುವ ಅಂಚಿನಲ್ಲಿದ್ದರು. ಪೋಸ್ಟಮ್ಮ ಸರ್ವ್ ಮಾಡಿದಳು. ಚೆಂಡು ಗೆರೆ ಸವರಿಕೊಂಡು ಹೋಯಿತು. ಎದುರಿನವರು ಮಿಸುಕಲಿಲ್ಲ.

"ಏಸ್!" ಎಂದ ಅಂಪೈರ್.

ಪೋಸ್ಟಮ್ಮ ರಾಕೆಟ್ ಕೆಳಗಿಟ್ಟು, ಬ್ಯಾಗಿನಿಂದ ಫೋನ್ ತೆಗೆದಳು.

"ಅಮ್ಮಾ, ಪಂದ್ಯ ಇನ್ನೂ ಮುಗಿದಿಲ್ಲ," ಎಂದ ಅಂಪೈರ್.

"ಒಂದ್ನಿಮಿಷ ಇರಪ್ಪಾ, ಮಗಳಿಗೆ ಹೇಳಿ ಬರ್ತೀನಿ."

ಜಗತ್ತಿನ ಹಳೆಯ ಅರವತ್ತೊಂದನೇ ಆಟಗಾರ್ತಿ ನಕ್ಕೂ ನಕ್ಕೂ ನಿಲ್ಲಲಾಗದೆ ನೆಟ್ಟಿನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು.